ಹೊಸ ಕಣಜಕ್ಕೆ ಹೆಸರಿಟ್ಟ ಮಾತ್ರಕ್ಕೆ ಹುಳದ ಕಾಟ ಹೋಗಲ್ಲ, ಹೆಸರಿಡದೆ ಇದ್ರೂ ಹೋಗಲ್ಲ

ಪಪ್ಪಾಯ ಗಿಡದ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕೂತು ರಸ ಹೀರುತ್ತಲ್ಲ ಹಿಟ್ಟು ತಿಗಣೆ, ಅದಕ್ಕೆ ವಿಜ್ಞಾನಿಗಳು ಹೆಸರಿಟ್ಟಿದ್ದೇ 1992ರಲ್ಲಿ, ಪ್ಯಾರಾಕಾಕಸ್ ಮಾರ್ಜಿನೇಟಸ್ ಅಂತ. ಅದರ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನ ಸಾಯಿಸೋ ಪುಟ್ಟ ಕಣಜ ಅಸಿರೋಫೇಗಸ್ ಪಪಾಯೆಗೆ ಹೆಸರು ಬಂದಿದ್ದು 2003ರಲ್ಲಿ. ತಿಗಣೆ ಭಾರತದಲ್ಲಿ ಕಾಣಿಸ್ಕೊಂಡಿದ್ದು 2008ರಲ್ಲಿ, ಕೊಯಮತ್ತೂರಲ್ಲಿ. ಕಣಜ ತರಿಸಿ ಬಿಟ್ಟಿದ್ದು 2010ರಲ್ಲಿ. ಈ ನಾಲ್ಕು ಇಸವಿನ ಒಂದ್ಸಲ ಸಾಲಾಗಿ ಓದ್ಕೊಳ್ಳಿ. ತಿಗಣೆ ನಮ್ಮ ದೇಶಕ್ಕೆ ಕಾಲಿಡೋಕೆ ಬರೀ ಐದು ವರ್ಷ ಮುಂಚೆ ಕಣಜಕ್ಕೆ ಹೆಸರು ಬಿದ್ದಿತ್ತು. ಅದು ಇನ್ನೂ ಯಾವುದೋ ಮ್ಯೂಸಿಯಮ್ಮಿನ ಡಬ್ಬಿಯಲ್ಲಿ ಹೆಸರಿಲ್ಲದೆ ಬಿದ್ದಿದ್ದಿದ್ರೆ 2010ರಲ್ಲಿ ನಾವು ಏನಂತ ಕೇಳಿ ತರಿಸ್ಕೊಳ್ತಿದ್ವಿ?

ಆಗಾಗ ಪೇಪರಲ್ಲಿ, ವಾಟ್ಸಾಪಲ್ಲಿ ಸುದ್ದಿ ಬರ್ತಿರುತ್ತೆ, ಇಂಥ ಕಡೆ ಹೊಸ ಜಾತಿಯ ಕಣಜ ಪತ್ತೆ, ಬೆಳೆ ತಿನ್ನೋ ಹುಳದ ನಿಯಂತ್ರಣಕ್ಕೆ ಉಪಯೋಗ ಆಗಬಹುದು ಅಂತ. ಅದಕ್ಕೆ ಬರೋ ಪ್ರತಿಕ್ರಿಯೆ ಎರಡು ಥರ. ಒಬ್ರು ಕೇಳ್ತಾರೆ ಇದು ಅಂಗಡೀಲಿ ಯಾವಾಗ ಸಿಗುತ್ತೆ, ಎಕರೆಗೆ ಎಷ್ಟು ಬೇಕು ಅಂತ. ಇನ್ನೊಬ್ರು ಹೇಳ್ತಾರೆ ಹುಳಕ್ಕೆ ಲ್ಯಾಟಿನ್ ಹೆಸರಿಟ್ಕೊಂಡು ಕೂತ್ರೆ ರೈತರಿಗೆ ಏನು ಬಂತು ಅಂತ. ಎರಡನ್ನೂ ಒಪ್ಪೋಕೆ ನಂಗೆ ಆಗಲ್ಲ. ಹೊಸ ಜಾತಿಗೆ ಹೆಸರಿಡೋದು ಜೈವಿಕ ನಿಯಂತ್ರಣದ, ಅಂದ್ರೆ ಪೀಡೆನ ಅದರ ಶತ್ರು ಜೀವಿಯಿಂದಲೇ ಹತೋಟಿಗೆ ತರೋದರ, ಮೊದಲನೇ ಕೆಲಸ, ಅದಾದ್ಮೇಲೆ ಇನ್ನೂ ತುಂಬಾ ಕೆಲಸ ಇರುತ್ತೆ, ಆದ್ರೆ ಅದೊಂದು ತಪ್ಪಾದ್ರೆ ಆಮೇಲಿನ ಎಲ್ಲಾ ಕೆಲಸನೂ ವರ್ಷಗಟ್ಲೆ ತಪ್ಪು ದಾರೀಲಿ ಹೋಗುತ್ತೆ. ಇದಕ್ಕೆ ನಡೆದಿರೋ ಉದಾಹರಣೆಗಳೇ ಸಾಕಷ್ಟಿವೆ, ನಮ್ಮ ಬೆಂಗಳೂರು, ಧಾರವಾಡದಲ್ಲೂ ಇವೆ.

ಮೊದಲು ಪಪ್ಪಾಯದ್ದೇ ಪೂರ್ತಿ ಹೇಳ್ತೀನಿ. ಈ ತಿಗಣೆ ಮೂಲದಲ್ಲಿ ಮೆಕ್ಸಿಕೊ ಕಡೇದು. ಅಲ್ಲಿ ಅದು ದೊಡ್ಡ ತಲೆನೋವೇ ಅಲ್ಲ, ಯಾಕಂದ್ರೆ ಅದನ್ನ ತಿನ್ನೋ ಶತ್ರುಗಳು ಅಲ್ಲೇ ಇದ್ದಾವೆ. 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹಬ್ಬಿತು, 1998ರಲ್ಲಿ ಫ್ಲೋರಿಡಾದಲ್ಲಿ ಸಿಕ್ತು, ಆಮೇಲೆ ಪೆಸಿಫಿಕ್ ದ್ವೀಪಗಳು, 2008ರಲ್ಲಿ ಶ್ರೀಲಂಕಾ ಮತ್ತು ನಾವು. ಹೋದಲ್ಲೆಲ್ಲ ತಿಗಣೆ ಮಾತ್ರ ಹೋಯ್ತು, ಶತ್ರು ಹಿಂದೆ ಉಳೀತು. ಅಮೆರಿಕದ ಕೃಷಿ ಇಲಾಖೆಯವರು ಮೆಕ್ಸಿಕೊದಲ್ಲಿ ಹುಡುಕಿ ತಂದ ಕಣಜಗಳಲ್ಲಿ ಅಸಿರೋಫೇಗಸ್ ಪಪಾಯೆ, ಸ್ಯೂಡ್‌ಲೆಪ್ಟೊಮಾಸ್ಟಿಕ್ಸ್ ಮೆಕ್ಸಿಕಾನ ಅನ್ನೋ ಎರಡು ಹೊಸ ಜಾತಿ ಅಂತ ಗೊತ್ತಾಗಿ ನಾಯ್ಸ್ ಮತ್ತು ಶಾಫ್ ಅನ್ನೋ ಇಬ್ಬರು 2003ರಲ್ಲಿ ಅವಕ್ಕೆ ಹೆಸರಿಟ್ರು. ಪೋರ್ಟೊ ರಿಕೊ, ಗುವಾಮ್, ಪಲಾವು ಎಲ್ಲಾ ಕಡೆ ಈ ಕಣಜಗಳನ್ನ ಬಿಟ್ಟ ಮೇಲೆ ತಿಗಣೆ ಶೇಕಡಾ 90ಕ್ಕಿಂತ ಜಾಸ್ತಿ ಇಳೀತು.

ನಮ್ಮಲ್ಲಿ ಅದು ಬರೀ ಪಪ್ಪಾಯಕ್ಕೆ ನಿಲ್ಲಲಿಲ್ಲ. ಮರಗೆಣಸು, ಬದನೆ, ದಾಸವಾಳ, ಹತ್ತಿ, ಎಲ್ಲಕ್ಕಿಂತ ಹೆಚ್ಚಾಗಿ ಹಿಪ್ಪುನೇರಳೆ. ಹಿಪ್ಪುನೇರಳೆ ವಿಷಯದಲ್ಲಿ ಕಷ್ಟ ಏನು ಅಂದ್ರೆ ರೇಷ್ಮೆ ಬೆಳೆಯೋರು ಅದಕ್ಕೆ ಬೇಕಾದ ಹಾಗೆ ಔಷಧಿ ಹೊಡೆಯೋ ಹಾಗಿಲ್ಲ, ಹೊಡೆದ ಸೊಪ್ಪು ತಿಂದ್ರೆ ರೇಷ್ಮೆ ಹುಳನೇ ಸಾಯುತ್ತೆ. ತಮಿಳುನಾಡಲ್ಲಿ ಶುರುವಾಗಿ ಕರ್ನಾಟಕದ ರೇಷ್ಮೆ ತೋಟಕ್ಕೂ ಬಂದಾಗ ಬೇರೆ ದಾರಿನೇ ಇರ್ಲಿಲ್ಲ. ಔಷಧಿ ಹೊಡೆದ ಪಪ್ಪಾಯ ತೋಟದಲ್ಲೂ ಪ್ರಯೋಜನ ಅಷ್ಟಕ್ಕಷ್ಟೆ, ಮೈಮೇಲಿನ ಮೇಣದ ಪದರ ದಾಟಿ ಔಷಧಿ ಒಳಗೆ ಇಳಿಯೋದೇ ಕಷ್ಟ, ಮೊಟ್ಟೆಗಳು ಹತ್ತಿಯಂಥ ಚೀಲದೊಳಗೆ ಬೆಚ್ಚಗಿರ್ತವೆ, ಒಂದೊಂದು ಹೆಣ್ಣು ನೂರರಿಂದ ಆರುನೂರರವರೆಗೆ ಮೊಟ್ಟೆ ಇಡುತ್ತೆ.

ಆಗ ಬೆಂಗಳೂರು ಹೆಬ್ಬಾಳದ ಸಂಸ್ಥೆ, ಈಗಿನ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಎನ್‌ಬಿಎಐಆರ್, ಪೋರ್ಟೊ ರಿಕೊದಿಂದ ಮೂರು ಕಣಜ ತರಿಸಿ, ಕ್ವಾರಂಟೈನಲ್ಲಿ ಇಟ್ಟು ನೋಡಿ, ಸಾಕಿ, ತೋಟಗಳಿಗೆ ಬಿಡ್ತು. ಸಾಕಿದ ವಿಧಾನನೂ ಭಾರಿ ಸರಳ. ಆಲೂಗಡ್ಡೆನ ಮೊಳಕೆ ಬರ್ಸಿ, ಆ ಮೊಳಕೆ ಮೇಲೆ ತಿಗಣೆ ಬಿಟ್ಟು ಬೆಳೆಸಿ, ತಿಗಣೆ ತುಂಬ್ಕೊಂಡ ಮೇಲೆ ಗೂಡಿನೊಳಗೆ ಕಣಜ ಬಿಡೋದು. ಮೂರರಲ್ಲಿ ಹೊಲದಲ್ಲಿ ಗಟ್ಟಿಯಾಗಿ ನೆಲೆ ನಿಂತಿದ್ದು ಅಸಿರೋಫೇಗಸ್ ಪಪಾಯೆ. ಒಂದೆರಡು ವರ್ಷದಲ್ಲಿ ತಿಗಣೆ ಸುದ್ದಿನೇ ತಣ್ಣಗಾಯ್ತು. ವರ್ಜೀನಿಯಾ ಟೆಕ್ ಮತ್ತು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಸೇರಿ 2014ರಲ್ಲಿ ಹಾಕಿದ ಲೆಕ್ಕದಲ್ಲಿ ಐದು ವರ್ಷಕ್ಕೆ ಇದರ ಲಾಭ 52 ಕೋಟಿ ಡಾಲರಿಂದ 134 ಕೋಟಿ ಡಾಲರ್ ತನಕ ಬರುತ್ತೆ. ಲೆಕ್ಕದ ಕೆಳಗಿನ ತುದಿನೇ ಹಿಡಿದ್ರೂ, ಒಂದು ಮಿಲಿಮೀಟರ್ ಆಸುಪಾಸಿನ ಜೀವಿ ಮಾಡಿದ ಕೆಲಸ ಅದು.

ಈ ಕಣಜ ಅಂದ್ರೆ ಕಚ್ಚೋ ಕಣಜ ಅನ್ಕೋಬೇಡಿ. ಕೃಷಿ ಇಲಾಖೆಯವರ ಬಾಯಲ್ಲಿ ಇದು ಪರತಂತ್ರ ಜೀವಿ. ಹೆಣ್ಣು ಕಣಜ ತಿಗಣೆ ಮರಿಯೊಳಗೆ ಮೊಟ್ಟೆ ಚುಚ್ಚುತ್ತೆ, ಒಳಗೆ ಹುಟ್ಟಿದ ಹುಳ ತಿಗಣೆನ ಒಳಗಿಂದಲೇ ತಿಂದು ಮುಗಿಸುತ್ತೆ, ತಿಗಣೆಯ ಚರ್ಮ ಗಟ್ಟಿ ಕೋಶದ ಥರ ಉಳ್ಕೊಳ್ಳುತ್ತೆ, ಅದರ ಒಂದು ತುದಿ ಕೊರೆದು ಹೊಸ ಕಣಜ ಹೊರಗೆ ಬರುತ್ತೆ. ಹತ್ತಿ, ದಾಸವಾಳದ ಮೇಲಿನ ಹಿಟ್ಟು ತಿಗಣೆ ಗುಂಪನ್ನ ಒಂದು ಲೆನ್ಸ್ ಹಿಡ್ಕೊಂಡು ನೋಡಿ. ಬಿಳಿ ಹಿಟ್ಟಿನ ಮಧ್ಯೆ ಅಲ್ಲಲ್ಲಿ ಹಿಟ್ಟು ಉದುರಿ ಹೋಗಿ, ಕಂದು ಬಣ್ಣಕ್ಕೆ ತಿರುಗಿ, ಉಬ್ಬಿಕೊಂಡು ಗಟ್ಟಿಯಾಗಿರೋ ತಿಗಣೆಗಳು ಕಾಣ್ತವೆ. ಅದು ರೋಗ ಬಂದಿದ್ದಲ್ಲ, ಒಳಗೆ ಕಣಜ ಬೆಳೀತಿದೆ ಅಂತ ಅರ್ಥ. ತುಂಬಾ ಜನ ಅದನ್ನೂ ಪೀಡೆ ಅಂದ್ಕೊಂಡು ಅದರ ಮೇಲೇ ಔಷಧಿ ಹೊಡೀತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇಲ್ಲಿ ಹೆಸರಿಡೋರ ಕೆಲಸ ಏನು? ಹಿಟ್ಟು ತಿಗಣೆಗಳು ಬರಿಗಣ್ಣಿಗೆ ಎಲ್ಲಾ ಒಂದೇ ಥರ ಕಾಣ್ತವೆ. ಪಪ್ಪಾಯ ತಿಗಣೆನ ಆಲ್ಕೋಹಾಲಲ್ಲಿ ಹಾಕಿದ್ರೆ ನೀಲಿ ಮಿಶ್ರಿತ ಕಪ್ಪಾಗುತ್ತೆ, ಅದೊಂದು ಸುಲಭದ ಗುರುತು, ಆದ್ರೆ ಆ ಗುಂಪಿನ ಬೇರೆ ಜಾತಿಗಳೂ ಹಾಗೇ ಆಗೋದ್ರಿಂದ ಅದೊಂದನ್ನೇ ನಂಬೋಕಾಗಲ್ಲ. ಕೊನೆಗೆ ಅದರ ಚರ್ಮನ ಗಾಜಿನ ಸ್ಲೈಡ್ ಮೇಲೆ ಇಟ್ಟು ಮೈಕ್ರೋಸ್ಕೋಪಲ್ಲಿ ಮೇಣ ಸುರಿಸೋ ಸಣ್ಣ ರಂಧ್ರ, ಕೊಳವೆಗಳು ಎಲ್ಲೆಲ್ಲಿ ಇವೆ ಅಂತ ನೋಡಬೇಕು. ಕಣಜಕ್ಕೂ ಅಷ್ಟೇ, ಮೀಸೆಯ ಒಂದೊಂದು ಗೆಣ್ಣಿನ ಉದ್ದ ಅಗಲ, ರೆಕ್ಕೆ ಮೇಲಿನ ಕೂದಲು ಎಲ್ಲಾ ಅಳೀಬೇಕು. ಹೊಸದು ಅಂತ ಖಾತ್ರಿ ಆದ್ರೆ ಒಂದು ಮಾದರಿನ ಆ ಜಾತಿಯ ಮೂಲ ಪ್ರತಿ ಅಂತ ಗೊತ್ತು ಮಾಡಿ ಮ್ಯೂಸಿಯಮ್ಮಲ್ಲಿ ಇಡ್ತಾರೆ, ಮುಂದೆ ಜಗತ್ತಲ್ಲಿ ಯಾರಿಗೇ ಅನುಮಾನ ಬಂದ್ರೂ ಅದನ್ನ ತೆಗೆದು ಹೋಲಿಸ್ಬೋದು. ಈಗ ಇದರ ಜೊತೆ ಡಿಎನ್‌ಎ ಬಾರ್‌ಕೋಡ್, ಅಂದ್ರೆ ಜಾತಿ ಗುರುತಿಸೋಕೆ ಬಳಸೋ ಡಿಎನ್‌ಎ ತುಣುಕು ಕೂಡ ಇರುತ್ತೆ. ಇಷ್ಟೆಲ್ಲಾ ಯಾಕೆ ಅನ್ನೋದಕ್ಕೆ ಆಫ್ರಿಕಾದ ಮರಗೆಣಸಿನ ಕಥೆ ನೋಡಿ.

1970ರ ದಶಕದ ಶುರುವಲ್ಲಿ ಕಾಂಗೋ ಕಡೆ ಮರಗೆಣಸಿಗೆ ಒಂದು ಹಿಟ್ಟು ತಿಗಣೆ ಬಿತ್ತು. ಅಲ್ಲಿಯ ಕೋಟ್ಯಂತರ ಜನರ ದಿನನಿತ್ಯದ ಊಟ ಅದು. 1977ರಲ್ಲಿ ಅದಕ್ಕೆ ಫೀನಕಾಕಸ್ ಮ್ಯಾನಿಹಾಟಿ ಅಂತ ಹೆಸರಿಟ್ರು. ಮರಗೆಣಸು ಮೂಲದಲ್ಲಿ ದಕ್ಷಿಣ ಅಮೆರಿಕದ ಬೆಳೆ, ಹಂಗಾಗಿ ತಿಗಣೆನೂ ಅಲ್ಲಿಂದಲೇ ಬಂದಿರ್ಬೇಕು, ಅದರ ಶತ್ರುನೂ ಅಲ್ಲೇ ಇರ್ಬೇಕು ಅಂತ ಹುಡುಕೋಕೆ ಹೋದ್ರು. ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಮರಗೆಣಸಿನ ಮೇಲೆ ಥೇಟ್ ಅದೇ ಥರದ ತಿಗಣೆ ಸಿಕ್ತು, ಅದರ ಮೇಲೆ ಕಣಜನೂ ಸಿಕ್ತು. ಆದ್ರೆ ಆ ಕಣಜಗಳು ಆಫ್ರಿಕಾದ ತಿಗಣೆನ ಮುಟ್ಟಲಿಲ್ಲ. ಯಾಕೆ ಅಂತ ನೋಡಿದ್ರೆ ಅದು ಬೇರೆನೇ ಜಾತಿ, ಅಲ್ಲಿವರೆಗೆ ಅದಕ್ಕೆ ಹೆಸರೇ ಇರ್ಲಿಲ್ಲ. 1981ರಲ್ಲಿ ಅದಕ್ಕೆ ಫೀನಕಾಕಸ್ ಹೆರೆನೈ ಅಂತ ಹೆಸರಿಟ್ರು, ಈ ಇಡೀ ಕೆಲಸದ ನೇತೃತ್ವ ವಹಿಸಿದ್ದ ಹಾನ್ಸ್ ಹೆರೆನ್ ಅವರ ಹೆಸರಲ್ಲಿ.

ನಿಜವಾದ ಮ್ಯಾನಿಹಾಟಿ ಸಿಕ್ಕಿದ್ದು 1981ರಲ್ಲಿ, ಇನ್ನೂ ಎಷ್ಟೋ ದಕ್ಷಿಣಕ್ಕೆ, ಪರಾಗ್ವೆ ದೇಶದಲ್ಲಿ, ಟೋನಿ ಬೆಲೊಟಿ ಅನ್ನೋ ವಿಜ್ಞಾನಿಗೆ. ಅದರ ಜೊತೆ ಅನಾಗೈರಸ್ ಲೋಪೆಜಿ ಅನ್ನೋ ಕಣಜ. ಲಂಡನ್ನಿನ ಕ್ವಾರಂಟೈನ್ ದಾಟ್ಕೊಂಡು ನೈಜೀರಿಯಾಗೆ ಹೋಗಿ ಅದೇ ವರ್ಷ ಹೊಲಕ್ಕೆ ಬಿಟ್ರು, ಮುಂದಿನ ವರ್ಷಗಳಲ್ಲಿ ಆಫ್ರಿಕಾದ ಮರಗೆಣಸು ಬೆಳೆಯೋ ದೇಶಗಳಿಗೆಲ್ಲ ಹಬ್ಬಿತು, ಹೆರೆನ್ ಅವರಿಗೆ 1995ರಲ್ಲಿ ವರ್ಲ್ಡ್ ಫುಡ್ ಪ್ರೈಜ್ ಬಂತು. ಇಲ್ಲಿ ಗಮನಿಸಬೇಕಾದ್ದು ಕಣಜಕ್ಕೆ 1964ರಲ್ಲೇ ಹೆಸರಿತ್ತು ಅನ್ನೋದು. ಹೆಸರಿಲ್ಲದೆ ತೊಂದರೆ ಕೊಟ್ಟಿದ್ದು ಎರಡು ತಿಗಣೆಗಳು. ಅಂದ್ರೆ ಶತ್ರು ಕೀಟ ಒಂದಕ್ಕೇ ಸರಿಯಾದ ಗುರುತು ಇದ್ರೆ ಸಾಲದು, ಪೀಡೆಗೂ ಬೇಕು, ಪೀಡೆಯ ತದ್ರೂಪಿಗೂ ಬೇಕು.

ಈ ಕಥೆಯ ಮುಂದಿನ ಭಾಗ ನಮ್ಮ ಪಕ್ಕದಲ್ಲೇ ನಡೀತು. 2020ರಲ್ಲಿ ಕೇರಳದ ತ್ರಿಶೂರಲ್ಲಿ ಮ್ಯಾನಿಹಾಟಿ ಸಿಕ್ತು, ಬೇಗ ತಮಿಳುನಾಡಿನ ಸೇಲಂ ಕಡೆಯ ಮರಗೆಣಸಿಗೆ ಹೋಯ್ತು. ಈ ಸಲ ಯಾರೂ ದಕ್ಷಿಣ ಅಮೆರಿಕದಲ್ಲಿ ಹುಡುಕೋಕೆ ಹೋಗ್ಬೇಕಾಗಿರ್ಲಿಲ್ಲ, ಎನ್‌ಬಿಎಐಆರ್‌ನವರು ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಿಂದ ಅದೇ ಲೋಪೆಜಿನ ತರಿಸಿ 2022ರ ಮಾರ್ಚಲ್ಲಿ ಸೇಲಂ ಜಿಲ್ಲೆಯಲ್ಲಿ ಬಿಟ್ರು. ಹುಡುಕಾಟಕ್ಕೆ ಹಿಂದಿನವರು ಪಟ್ಟ ಪಾಡು ನಮಗೆ ತಪ್ಪಿತು.

ಕಳೆ ಗಿಡದ ವಿಷಯದಲ್ಲೂ ಇದೇ ಆಗಿದೆ. ಕೆರೆ ಮೇಲೆ ಚಾಪೆ ಹಾಸಿದಂಗೆ ಮುಚ್ಕೊಳ್ಳೋ ಸಾಲ್ವಿನಿಯಾ ಅನ್ನೋ ನೀರಿನ ಜರೀಗಿಡಕ್ಕೆ ಸರಿಯಾದ ಹೆಸರು ಬಂದಿದ್ದು 1972ರಲ್ಲಿ. ಅದಕ್ಕೂ ಮುಂಚೆ ಬೇರೆ ಸಾಲ್ವಿನಿಯಾ ಅಂದ್ಕೊಂಡು ಅದರ ಶತ್ರುಗಳನ್ನ ತಂದು ಬಿಟ್ಟು ಸೋತಿದ್ರು. ಆಮೇಲೆ ಆಗ್ನೇಯ ಬ್ರೆಜಿಲ್ಲಲ್ಲಿ ಇದರ ತವರು ಸಿಕ್ತು, ಅಲ್ಲಿಂದ ತಂದು 1980ರಲ್ಲಿ ಬಿಟ್ಟ ಮೂತಿ ಹುಳ ಆಸ್ಟ್ರೇಲಿಯಾದ ಮೌಂಟ್ ಐಸಾ ಹತ್ರ ಮೂನ್‌ಡರ್ರಾ ಕೆರೆಯನ್ನ ಚೊಕ್ಕ ಮಾಡ್ತು. ಮೊದಲು ಅದು ಹಳೇ ಗೊತ್ತಿರೋ ಮೂತಿ ಹುಳನೇ ಅಂದ್ಕೊಂಡಿದ್ರು, ಹಂಗಾದ್ರೆ ಬೇರೆ ದೇಶಗಳಲ್ಲಿ ಸೋತಿದ್ದು ಇಲ್ಲಿ ಯಾಕೆ ಗೆದ್ದಿತು ಅಂತ ಕೂತು ನೋಡಿದಾಗ ಅದು ಹೊಸ ಜಾತಿ, 1985ರಲ್ಲಿ ಸಿರ್ಟೊಬೇಗಸ್ ಸಾಲ್ವಿನಿಯೇ ಅಂತ ಹೆಸರು ಬಂತು. ಅಷ್ಟೊತ್ತಿಗೆ ಅದು ಬೆಂಗಳೂರಿಗೂ ಬಂದಾಗಿತ್ತು. 1982ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿ, 1983-84ರಲ್ಲಿ ಬೆಂಗಳೂರಿನ ಒಂದು ತಾವರೆ ಕೊಳಕ್ಕೆ ಬಿಟ್ಟಿದ್ರು, ಹನ್ನೊಂದು ತಿಂಗಳಲ್ಲಿ ಸಾಲ್ವಿನಿಯಾ ಕೊಳೆತು ಮುಳುಗಿ ಅದರಡಿ ಉಸಿರುಗಟ್ಟಿದ್ದ ತಾವರೆ ಮತ್ತೆ ಚಿಗುರಿತು. ನ್ಯಾಯವಾಗಿ ಹೇಳ್ಬೇಕಂದ್ರೆ ಇಲ್ಲಿ ಕೆಲಸ ಮೊದಲು, ಹೆಸರು ಆಮೇಲೆ. ಆದ್ರೆ ಆ ಹೆಸರು ಬಂದ ಮೇಲೇನೇ ಬೇರೆ ದೇಶಗಳಿಗೆ ಯಾವ ಹುಳ ತರಿಸ್ಬೇಕು, ಯಾವುದು ತರಿಸಿ ಉಪಯೋಗ ಇಲ್ಲ ಅನ್ನೋದು ಸ್ಪಷ್ಟ ಆಗಿದ್ದು.

ಈಗ ಇನ್ನೊಂದು ಮಗ್ಗಲು, ಹೊಸದು ಅಂತ ಹೆಸರಿಟ್ಟಿದ್ದು ಹೊಸದೇ ಆಗಿರಲ್ಲ ಕೆಲವೊಮ್ಮೆ. 2005ರ ಆಸುಪಾಸಲ್ಲಿ ಪಾಕಿಸ್ತಾನ ಮತ್ತು ಭಾರತದ ಹತ್ತಿ ಹೊಲಗಳಿಗೆ ಫೀನಕಾಕಸ್ ಸೊಲೆನಾಪ್ಸಿಸ್ ಅನ್ನೋ ಹಿಟ್ಟು ತಿಗಣೆ ನುಗ್ಗಿತು, ಪಂಜಾಬ್, ಹರಿಯಾಣ, ಗುಜರಾತ್ ಕಡೆ ಹತ್ತಿ ಬೆಳೆದವರು ಕಂಗಾಲಾದ್ರು. ಒಂದೆರಡು ವರ್ಷ ಆದ್ಮೇಲೆ ತಿಗಣೆಗಳು ತಾವಾಗೇ ಕಂದು ಕೋಶಗಳಾಗೋಕೆ ಶುರುವಾದವು. ಯಾರೂ ಯಾವ ಕಣಜನೂ ತಂದು ಬಿಟ್ಟಿರ್ಲಿಲ್ಲ. ಅಲಿಗಢದ ಮೊಹಮ್ಮದ್ ಹಯಾತ್ ಅವರು ಆ ಕಣಜನ ನೋಡಿ 2009ರಲ್ಲಿ ಈನೇಸಿಯಸ್ ಬಂಬಾವಾಲೈ ಅಂತ ಹೊಸ ಜಾತಿಯಾಗಿ ವರ್ಣಿಸಿದ್ರು. ಐದು ವರ್ಷ ಆದ್ಮೇಲೆ, 2014ರಲ್ಲಿ, ಇದು 1915ರಲ್ಲೇ ಅಮೆರಿಕದ ಮಾದರಿಯಿಂದ ಗಿರೋ ಅನ್ನೋರು ಹೆಸರಿಟ್ಟಿದ್ದ ಅರಿಜೋನೆನ್ಸಿಸ್ ಅನ್ನೋ ಜಾತಿನೇ ಅಂತ ತೋರಿಸಿದ್ರು, ಈಗ ಹಳೇ ಹೆಸರೇ ನಡೀತಿದೆ.

ಇದನ್ನ ಕೇಳಿ ಕೆಲವರು ಹಂಗಾದ್ರೆ 2009ರ ಕೆಲಸ ದಂಡ ಅಂತಾರೆ. ನಾನು ಹಾಗೆ ಹೇಳಲ್ಲ. 2009ರಲ್ಲಿ ಆ ಹೆಸರು ಬಂದಿದ್ದರಿಂದಲೇ ಎಲ್ಲಾ ರಾಜ್ಯದವರೂ ತಮ್ಮ ಹೊಲದಲ್ಲಿ ಸಿಕ್ಕಿದ್ದು ಇದೇ ಕಣಜ ಅಂತ ಒಂದೇ ಹೆಸರಲ್ಲಿ ವರದಿ ಮಾಡೋಕಾಯ್ತು, ಸಾಕೋದು ಹೇಗೆ ಅಂತ ಕಲ್ತ್ರು. 2014ರ ತಿದ್ದುಪಡಿಯಿಂದ ಇನ್ನೂ ದೊಡ್ಡ ವಿಷಯ ತಿಳೀತು. ತಿಗಣೆಯ ತವರು ಅಮೆರಿಕ, 1898ರಲ್ಲಿ ನ್ಯೂ ಮೆಕ್ಸಿಕೊದಿಂದ ಮೊದಲು ವರ್ಣನೆಯಾಗಿದ್ದು. ಕಣಜದ್ದೂ ಅಲ್ಲೇದೇ. ಅಂದ್ರೆ ಇದು ಇಲ್ಲಿಯ ಮಣ್ಣಲ್ಲಿ ಮೊದಲಿಂದ ಇದ್ದ ಕಣಜ ಆಗಿರೋ ಸಾಧ್ಯತೆ ಕಮ್ಮಿ, ಯಾವುದೋ ಗಿಡದ ಜೊತೆ ತಿಗಣೆ ಮೈಯೊಳಗೇ ಕೂತ್ಕೊಂಡು ಬಂದಿರೋ ಸಾಧ್ಯತೆ ಜಾಸ್ತಿ. ಮುಂದಿನ ಸಲ ಹೊರಗಿಂದ ಪೀಡೆ ಬಂದಾಗ, ಹಿಂದೆನೇ ಶತ್ರುನೂ ಬಂದಿದ್ಯಾ ಅಂತ ಮೊದಲು ನೋಡಿ ಆಮೇಲೆ ಬೇರೆ ಕಡೆ ಹುಡುಕೋಕೆ ಹೋಗ್ಬೇಕು ಅನ್ನೋ ಪಾಠ ಇದರಿಂದ ಸಿಕ್ತು. ತೆಂಗಿನ ರುಗೋಸ್ ಬಿಳಿ ನೊಣದಲ್ಲಿ ಅದು ಕೆಲಸಕ್ಕೂ ಬಂತು.

ಆ ಬಿಳಿ ನೊಣಕ್ಕೆ ಹೆಸರು ಬಂದಿದ್ದೇ 2004ರಲ್ಲಿ, ಮಧ್ಯ ಅಮೆರಿಕದ ಬೆಲೀಜ್ ದೇಶದ ಮಾದರಿಯಿಂದ. 2016ರಲ್ಲಿ ಪೊಳ್ಳಾಚಿಯ ತೆಂಗಿನ ತೋಟದಲ್ಲಿ ಸಿಕ್ತು, ಆಮೇಲೆ ನಮ್ಮ ಕರಾವಳಿ, ಹಳೇ ಮೈಸೂರು ಕಡೆಯ ತೆಂಗಿಗೂ ಬಂತು. ಗರಿ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೊಟ್ಟೆ, ಕೆಳಗಿನ ಗರಿ ಮೇಲೆಲ್ಲ ಅಂಟು, ಆ ಅಂಟಿನ ಮೇಲೆ ಕಪ್ಪು ಮಸಿ ಹಿಡಿದಂಗೆ ಬೂಷ್ಟು. ನೋಡಿದವರಿಗೆ ಜೀವ ಹೋದಂಗಾಗುತ್ತೆ, ತಕ್ಷಣ ಔಷಧಿ ಹೊಡೀಬೇಕು ಅನ್ಸುತ್ತೆ. ಆದ್ರೆ ಎನ್‌ಕಾರ್ಸಿಯಾ ಗ್ವಾಡಲೂಪೆ ಅನ್ನೋ ಕಣಜ ಅದರ ಮೇಲೆ ಆಗಲೇ ಇತ್ತು. ಗರಿ ಅಡಿಯ ಬಿಳಿ ನೊಣದ ಕೋಶನ ಲೆನ್ಸಲ್ಲಿ ನೋಡಿದ್ರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ, ಬಿಳಿ ನೊಣ ಹೊರಗೆ ಬಂದಿದ್ರೆ ಕೋಶದ ಬೆನ್ನು ಇಂಗ್ಲಿಷಿನ ಟೀ ಅಕ್ಷರದ ಥರ ಸೀಳಿರುತ್ತೆ, ಕಣಜ ಹೊರಗೆ ಬಂದಿದ್ರೆ ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ಗುಂಡನೆ ತೂತು ಇರುತ್ತೆ. ಗುಂಡು ತೂತು ಜಾಸ್ತಿ ಇದ್ರೆ ಔಷಧಿ ಹೊಡೀಲೇಬಾರದು. ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ, ಎನ್‌ಬಿಎಐಆರ್ ಎರಡೂ ಹೇಳ್ತಿರೋದು ಇದನ್ನೇ, ಮಸಿ ಹೋಗೋಕೆ ಶೇಕಡಾ 1ರ ಗಂಜಿ ನೀರು ಹೊಡೀರಿ, ಕಣಜ ಇರೋ ಗರಿ ತಂದು ಕಣಜ ಇಲ್ಲದ ತೋಟದಲ್ಲಿ ಕಟ್ಟಿ ಅಂತ.

ಬೆಂಗಳೂರಿನ ಬಗ್ಗೆ ಇನ್ನೊಂದು ವಿಷಯ ಹೇಳ್ಲೇಬೇಕು, ಇದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಕಬ್ಬು, ಟೊಮ್ಯಾಟೊ ಬೆಳೆಯೋರು ಟ್ರೈಕೋ ಕಾರ್ಡ್ ಅಂತ ಕೇಳಿರ್ತಾರೆ, ಟ್ರೈಕೋಗ್ರಾಮ ಕಣಜ ಇರೋ ಮೊಟ್ಟೆಗಳನ್ನ ಅಂಟಿಸಿದ ಕಾರ್ಡು. ಕಣಜ ಅರ್ಧ ಮಿಲಿಮೀಟರ್ ಅಷ್ಟೇ, ಪತಂಗದ ಮೊಟ್ಟೆಯೊಳಗೇ ಬೆಳೆಯುತ್ತೆ. ಜಗತ್ತಿನಾದ್ಯಂತ ಇದನ್ನ ಸಾಕ್ತಿದ್ರು, ಆದ್ರೆ ಯಾವುದು ಯಾವ ಜಾತಿ ಅಂತ ಯಾರಿಗೂ ಖಚಿತ ಇರ್ಲಿಲ್ಲ, ಬಣ್ಣ, ಕೂದಲು ನೋಡಿ ಹೆಸರು ಹೇಳೋರು, ಅವು ಹವಾಮಾನಕ್ಕೆ ತಕ್ಕಂಗೆ ಬದಲಾಗ್ತಿದ್ವು, ಹಂಗಾಗಿ ಒಂದು ದೇಶದ ಪ್ರಯೋಗ ಇನ್ನೊಂದು ದೇಶದಲ್ಲಿ ಹೊಂದಾಣಿಕೆನೇ ಆಗ್ತಿರ್ಲಿಲ್ಲ. ಬೆಂಗಳೂರಲ್ಲಿ 1957ರಿಂದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಇತ್ತು, ಅಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅನ್ನೋ ಇಬ್ಬರು 1960ರ ದಶಕದ ಕೊನೆಗೆ ಗಂಡು ಕಣಜದ ಜನನಾಂಗದ ಆಕಾರ ಜಾತಿಯಿಂದ ಜಾತಿಗೆ ಬದಲಾಗುತ್ತೆ, ಅದನ್ನ ನೋಡಿ ನಿಖರವಾಗಿ ಹೇಳ್ಬೋದು ಅಂತ ತೋರಿಸಿದ್ರು. ಅಲ್ಲಿಂದ ಇಡೀ ಜಗತ್ತಿನ ಟ್ರೈಕೋಗ್ರಾಮ ಕೆಲಸನೇ ಹೊಸದಾಗಿ ಶುರುವಾಯ್ತು. 1970ರ ಹೊತ್ತಿಗೆ ಅವರು ಭಾರತದಿಂದ ವರ್ಣಿಸಿದ ಟ್ರೈಕೋಗ್ರಾಮ ಅಕಿಯೇ ಅನ್ನೋ ಜಾತಿ ಸುಮಾರು ನಾಲ್ಕು ದಶಕ ಆದ್ಮೇಲೆ ಸ್ಪೇನ್ ದೇಶದ ಗ್ರೀನ್‌ಹೌಸ್ ಟೊಮ್ಯಾಟೊಗೆ ಬಿದ್ದ ಟ್ಯೂಟಾ ಹುಳದ ಮೊಟ್ಟೆ ಮೇಲೆ ಬಳಕೆಗೆ ಬಂತು. ವರ್ಣನೆ ಮಾಡಿದ ದಿನ ಟೊಮ್ಯಾಟೊದ ಆ ಹುಳ ಯುರೋಪಲ್ಲಿ ಇರ್ಲೇ ಇಲ್ಲ. ಹೆಸರಿಡೋ ಕೆಲಸಕ್ಕೆ ಇವತ್ತೇ ಫಲ ತೋರ್ಸಿ ಅನ್ನೋರಿಗೆ ನಾನು ಕೊಡೋ ಉತ್ತರ ಇದು.

ಹಾಗಂತ ಹೊಸ ಕಣಜದ ಸುದ್ದಿ ಬಂದ ತಕ್ಷಣ ಹಿಗ್ಗೋಕೂ ಆಗಲ್ಲ. ಹಿಟ್ಟು ತಿಗಣೆ ಸಾಕಿದ ಡಬ್ಬಿಯಿಂದ ಒಂದು ಕಣಜ ಹೊರಗೆ ಬಂತು ಅಂದ್ರೆ ಅದು ತಿಗಣೆನೇ ತಿಂದಿರ್ಬೇಕು ಅಂತ ಇಲ್ಲ. ತಿಗಣೆ ತಿನ್ನೋ ಕಣಜನ ತಿನ್ನೋ ಕಣಜಗಳೂ ಇದ್ದಾವೆ. ಹತ್ತಿ ತಿಗಣೆಯಲ್ಲಿ ಈನೇಸಿಯಸ್ ಜೊತೆ ಪ್ರೊಮಸ್ಕಿಡಿಯಾ ಅನ್ನೋದೂ ಬರುತ್ತೆ, ಅದು ನಮ್ಮ ಮಿತ್ರ ಕಣಜಕ್ಕೇ ಮೃತ್ಯು. ಗೊತ್ತಿಲ್ಲದೆ ಅದನ್ನ ಸಾಕಿ ಹೊಲಕ್ಕೆ ಬಿಟ್ರೆ ತಿಗಣೆಗೆ ನಾವೇ ಸಹಾಯ ಮಾಡಿದಂಗೆ. ಹಂಗಾಗಿ ಪತ್ರಿಕೆ ವರದಿಯಲ್ಲಿ ಇಂಥ ಪೀಡೆಯಿಂದ ಹೊರಬಂದ ಹೊಸ ಕಣಜ ಅಂತಷ್ಟೇ ಇದ್ರೆ, ಅದು ನೇರವಾಗಿ ಪೀಡೆನೇ ತಿನ್ನುತ್ತೆ ಅಂತ ಬೇರೆ ಮಾಡಿ ಸಾಕಿ ನೋಡಿದ್ದಾರಾ ಅನ್ನೋದು ಮೊದಲ ಪ್ರಶ್ನೆ ಆಗ್ಬೇಕು.

ನೀಲಗಿರಿ ಮರದ ಗಂಟಿನ ವಿಷಯದಲ್ಲಿ ಇದು ಇನ್ನೂ ಸಿಕ್ಕು. ಲೆಪ್ಟೊಸೈಬಿ ಇನ್ವೇಸಾ ಅನ್ನೋ ಪೀಡೆನೇ ಒಂದು ಕಣಜ, ಎಲೆ ನರ, ತೊಟ್ಟಲ್ಲಿ ಮೊಟ್ಟೆ ಇಟ್ಟು ಗಂಟು ಮಾಡುತ್ತೆ. ಭಾರತದಲ್ಲಿ ಮೊದಲು ಕಂಡಿದ್ದು 2001ರಲ್ಲಿ ಮಂಡ್ಯ ಜಿಲ್ಲೆಯಲ್ಲಿ, ಅವತ್ತಿಗೆ ಅದಕ್ಕೆ ಹೆಸರೂ ಇರ್ಲಿಲ್ಲ, ಬಂದಿದ್ದು 2004ರಲ್ಲಿ. ಗಂಟು ಕತ್ತರಿಸಿ ಡಬ್ಬಿಗೆ ಹಾಕಿಟ್ರೆ ನಾಲ್ಕಾರು ಥರದ ಕಣಜ ಹೊರಗೆ ಬರ್ತವೆ, ಅದರಲ್ಲಿ ಗಂಟು ಮಾಡಿದ್ದು ಯಾವುದು, ಅದನ್ನ ತಿಂದಿದ್ದು ಯಾವುದು, ಸುಮ್ನೆ ಗಂಟಿನ ತಿರುಳು ತಿಂದ್ಕೊಂಡಿದ್ದಿದ್ದು ಯಾವುದು ಅಂತ ಹೇಳೋಕೆ ತಜ್ಞರೇ ಬೇಕು. ಹಾಗೆ ಸಿಕ್ಕ ಒಂದು ಕಣಜನ ಕೇರಳದ ಟಿ.ಸಿ. ನರೇಂದ್ರನ್ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಸ್ತ್ರದ್ 2010ರಲ್ಲಿ ಹೊಸ ಜಾತಿಯಾಗಿ ವರ್ಣಿಸಿದ್ರು, ಹೆಸರು ಮೆಗಾಸ್ಟಿಗ್ಮಸ್ ಧಾರವಾಡಿಕಸ್. ಮೆಗಾಸ್ಟಿಗ್ಮಸ್ ಕುಲದಲ್ಲಿ ಬೇರೆ ಕೀಟ ತಿನ್ನೋವೂ ಇವೆ, ಬೀಜ ತಿನ್ನೋವೂ ಇವೆ, ಹಂಗಾಗಿ ಈ ಪ್ರಶ್ನೆ ಬರೀ ಪಾಂಡಿತ್ಯದ್ದಲ್ಲ. ಇದೇ ಪೀಡೆಗೆ ಇಸ್ರೇಲಿನವರು ಆಸ್ಟ್ರೇಲಿಯಾದಿಂದ ತಂದ, 2008ರಲ್ಲಿ ಹೆಸರು ಬಂದ ಕ್ವಾಡ್ರಾಸ್ಟಿಕಸ್ ಮೆಂಡೆಲಿ ಕೂಡ ಈಗ ನಮ್ಮಲ್ಲಿದೆ.

ಎರಡನೇ ಪ್ರಶ್ನೆ, ಅದು ಇನ್ನೇನೇನು ತಿನ್ನುತ್ತೆ? 1906ರಿಂದ ಅಮೆರಿಕದಲ್ಲಿ ಜಿಪ್ಸಿ ಪತಂಗದ ಮೇಲೆ ಬಿಟ್ಟ ಕಾಂಪ್ಸಿಲ್ಯೂರ ನೊಣ ನೂರೆಂಬತ್ತಕ್ಕೂ ಹೆಚ್ಚು ಜಾತಿಯ ಕೀಟಗಳ ಮೇಲೆ ಬಿತ್ತು, ಅಲ್ಲಿಯ ಚೆಂದದ ರೇಷ್ಮೆ ಪತಂಗಗಳಿಗೇ ಸಂಚಕಾರ ತಂತು. ಗಿಡದ ಹೇನು ತಿನ್ನಲಿ ಅಂತ ಏಷ್ಯಾದಿಂದ ಯುರೋಪಿಗೆ ಒಯ್ದ ಹಾರ್ಮೋನಿಯಾ ಅನ್ನೋ ಗುಲಗಂಜಿ ಹುಳ ಅಲ್ಲಿಯ ಸ್ವಂತ ಗುಲಗಂಜಿ ಹುಳಗಳನ್ನೇ ಕಮ್ಮಿ ಮಾಡ್ತು. ಅದಕ್ಕೇ ಈಗ ಹೊರಗಿನ ಕಣಜ ಬಿಡೋ ಮುಂಚೆ ಕ್ವಾರಂಟೈನಲ್ಲಿ ಬೇರೆ ಬೇರೆ ಕೀಟಗಳನ್ನ ಮುಂದಿಟ್ಟು ಯಾವುದರ ಮೇಲೆ ಮೊಟ್ಟೆ ಇಡುತ್ತೆ ಅಂತ ನೋಡ್ತಾರೆ, ರೇಷ್ಮೆ ಹುಳ, ಅರಗಿನ ಕೀಟ, ಜೇನುಹುಳದಂಥ ಉಪಕಾರಿಗಳಿಗೆ ತೊಂದರೆ ಆಗಬಾರದು ಅನ್ನೋದು ನಮ್ಮಲ್ಲಿ ಮುಖ್ಯ. ಇದಕ್ಕೆ ಸಮಯ ಹಿಡಿಯುತ್ತೆ, ಹಿಡೀಲಿ ಅಂತಲೇ ನನ್ನ ಅಭಿಪ್ರಾಯ.

ಇಲ್ಲೂ ಸುತ್ತಿ ಬಳಸಿ ಮತ್ತೆ ಹೆಸರಿಗೇ ಬರ್ತೀವಿ. ಚೆರ್ರಿ, ಬ್ಲೂಬೆರಿ ಹಣ್ಣು ಹಾಳು ಮಾಡೋ ಡ್ರೊಸೊಫಿಲಾ ಸುಜುಕಿ ಅನ್ನೋ ಹಣ್ಣಿನ ನೊಣಕ್ಕೆ ಏಷ್ಯಾದಿಂದ ಗನಾಸ್ಪಿಸ್ ಬ್ರೆಸಿಲಿಯೆನ್ಸಿಸ್ ಅನ್ನೋ ಕಣಜ ತಂದ್ರು. ಪರೀಕ್ಷೆ ಮಾಡಿದ್ರೆ ಕೆಲವು ಕಡೆಯ ಕಣಜಗಳು ಬಹುತೇಕ ಸುಜುಕಿ ಒಂದನ್ನೇ ಹುಡ್ಕೊಂಡು ಹೋಗ್ತಿದ್ವು, ಕೆಲವು ಬೇರೆ ನೊಣಗಳನ್ನೂ ಬಿಡ್ತಿರ್ಲಿಲ್ಲ, ನೋಡೋಕೆ ಮಾತ್ರ ಎಲ್ಲಾ ಒಂದೇ. ಡಿಎನ್‌ಎ ನೋಡಿ ಗುಂಪು ಮಾಡಿ, ಮೊದಲನೇ ಗುಂಪಿಗೆ ಮಾತ್ರ ಅಮೆರಿಕದಲ್ಲಿ ಅನುಮತಿ ಕೊಟ್ಟು 2022ರಲ್ಲಿ ಬಿಟ್ರು. 2024ರಲ್ಲಿ ಆ ಗುಂಪಿಗೆ ಗನಾಸ್ಪಿಸ್ ಕಿಮೋರಮ್ ಅಂತ ಪ್ರತ್ಯೇಕ ಜಾತಿಯ ಹೆಸರೇ ಬಂತು. ಹಳೇ ಒಂದೇ ಹೆಸರಲ್ಲಿ ಎಲ್ಲದಕ್ಕೂ ಅನುಮತಿ ಕೊಟ್ಟಿದ್ದಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ.

ಎಲ್ಲಾ ಸರಿಯಾಗಿ ಕೂಡಿ ಬಂದ್ರೆ ಕೆಲಸ ಎಷ್ಟು ಬೇಗ ಆಗುತ್ತೆ ಅನ್ನೋದಕ್ಕೆ ಹವಾಯಿ ಸಾಕ್ಷಿ. ಹಾಲುವಾಣದ ಜಾತಿಯ ಮರಗಳಿಗೆ ಗಂಟು ಮಾಡೋ ಕಣಜಕ್ಕೆ 2004ರಲ್ಲಿ ಹೆಸರು, 2005ರಲ್ಲಿ ಅದು ಹವಾಯಿಗೆ ಬಂದು ಅಲ್ಲಿಯ ವಿಲಿವಿಲಿ ಮರಗಳು ಸಾಯೋಕೆ ಶುರು, ಟಾಂಜಾನಿಯಾದಲ್ಲಿ ಶತ್ರು ಪತ್ತೆ, 2008ರಲ್ಲಿ ಯೂರಿಟೋಮ ಎರಿತ್ರಿನೇ ಅಂತ ಹೆಸರು, ಅದೇ ವರ್ಷ ನವೆಂಬರಲ್ಲಿ ಬಿಡುಗಡೆ. ಮರಗಳು ಚೇತರಿಸ್ಕೊಂಡವು. ಅದೇ ಪೀಡೆ ಕೇರಳದಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸೋ ಮರಗಳನ್ನ ಕಾಡಿತ್ತು.

ನಮ್ಮಲ್ಲಿ ಈಗ ಬೇಕಾಗಿರೋದು ಏನು ಅಂದ್ರೆ, ನನ್ನ ಮಟ್ಟಿಗೆ, ಹೆಸರಿಡೋ ಜನ. ಹಯಾತ್, ನರೇಂದ್ರನ್ ಅಂಥವರು ಇಡೀ ಜೀವಮಾನ ಒಂದೊಂದು ಗುಂಪಿನ ಮೇಲೆ ಕೂತವರು, ನರೇಂದ್ರನ್ 2013ರಲ್ಲಿ ತೀರಿಕೊಂಡ್ರು. ಅಂಥವರ ಜಾಗಕ್ಕೆ ಹೊಸಬರು ಬರೋದು ನಿಧಾನ, ಯಾಕಂದ್ರೆ ಈ ಕೆಲಸಕ್ಕೆ ಪ್ರಾಜೆಕ್ಟ್ ಹಣ ಕಮ್ಮಿ, ಕೆಲಸದ ಹುದ್ದೆ ಕಮ್ಮಿ, ಒಂದು ಗುಂಪು ಕಲಿಯೋಕೇ ಹತ್ತು ವರ್ಷ ಬೇಕು. ಬೆಂಗಳೂರಿನ ಸಂಸ್ಥೆಯಿಂದ 2013ರಲ್ಲಿ ರಮೇಶ್‌ಕುಮಾರ್, ಪೂರಾಣಿ ಮೊದಲಾದವರು ಬ್ರಿಟನ್, ಅಮೆರಿಕದವರ ಜೊತೆ ಸೇರಿ ಮಡೇರಾ ಹಿಟ್ಟು ತಿಗಣೆಯ ಶತ್ರು ಅನಾಗೈರಸ್ ಆಮ್ನೆಸ್ಟಾಸ್‌ಗೆ ಹೆಸರಿಟ್ಟಿದ್ದು ಒಳ್ಳೇ ಮಾದರಿ. ಅದಕ್ಕೂ ಮುಂಚೆ ಅಮೆರಿಕದಲ್ಲಿ ವರ್ಷಗಟ್ಲೆ ಅದನ್ನ ಸಿನೋಪೆ ಅನ್ನೋ ಇನ್ನೊಂದು ಕಣಜಕ್ಕೆ ಹತ್ತಿರದ ಹೊಸ ಜಾತಿ ಅಂತಷ್ಟೇ ಕರೀತಾ ಪ್ರಯೋಗ ಮಾಡ್ತಿದ್ರು. ದೇಶ ದೇಶದ ನಡುವೆ ಮಾದರಿ ಕಳಿಸೋದೂ ಈಗ ಮೊದಲಿನಷ್ಟು ಸಲೀಸಲ್ಲ, 2002ರ ಜೀವವೈವಿಧ್ಯ ಕಾಯ್ದೆ, ಜೀವ ಸಂಪತ್ತಿನ ಬಳಕೆ ಬಗ್ಗೆ ದೇಶಗಳ ನಡುವೆ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಇವೆಲ್ಲ ಬೇಕಾದ ಕಾನೂನುಗಳೇ, ನಮ್ಮ ಸಂಪತ್ತು ಕಾಯೋಕೆ ಇರೋವು, ಆದ್ರೆ ಲಾಭಕ್ಕಲ್ಲದೆ ಗುರುತಿಸೋಕೆ ಕಳಿಸೋ ನಾಲ್ಕು ಕಣಜಕ್ಕೆ ದಾರಿ ಬೇಗ ಬಿಟ್ಟುಕೊಡ್ಬೇಕು. ಮೆಣಸಿನಕಾಯಿಗೆ 2021ರಿಂದ ಬಿದ್ದಿರೋ ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನೋ ರಸ ಹೀರೋ ಸಣ್ಣ ಹುಳಕ್ಕೆ ಪಪ್ಪಾಯದ ಥರ ಕೈಹಿಡಿಯೋ ಕಣಜ ಇನ್ನೂ ಸಿಕ್ಕಿಲ್ಲ, ಬ್ಯಾಡಗಿ, ಬಳ್ಳಾರಿ, ರಾಯಚೂರು ಕಡೆ ಬೆಳೆದವರು ಔಷಧಿಗೇ ಸುರೀತಿದ್ದಾರೆ.

ಓದ್ತಿರೋರಲ್ಲಿ ತೋಟ ಇರೋರು ಒಂದು ಕೆಲಸ ಮಾಡ್ಬೋದು. ಕಂದು ಕೋಶ ಆಗಿರೋ ತಿಗಣೆ, ಗುಂಡು ತೂತಿರೋ ಬಿಳಿ ನೊಣದ ಕೋಶ ಕಂಡ್ರೆ ಔಷಧಿ ಹೊಡೆಯೋ ಮುಂಚೆ ಆ ಎಲೆನ ಹಾಗೇ ಕಿತ್ತು ಒಂದು ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಎರಡು ಮೂರು ವಾರದೊಳಗೆ ಕಣಜ ಹೊರಗೆ ಬರ್ತವೆ. ಡಬ್ಬಿನ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ, ಅವರು ಹೆಬ್ಬಾಳಕ್ಕೋ ವಿಶ್ವವಿದ್ಯಾಲಯಕ್ಕೋ ಕಳಿಸ್ತಾರೆ. ಕೊಡುವಾಗ ಯಾವ ಊರು, ಯಾವ ಗಿಡ, ಎಲೆ ಕಿತ್ತ ತಾರೀಖು ಯಾವುದು ಅಂತ ಪೆನ್ಸಿಲಲ್ಲಿ ಬರೆದು ಚೀಟಿ ಒಳಗೇ ಹಾಕಿ, ಅಲ್ಲಿ ಕಣಜನ ಸ್ಪಿರಿಟ್‌ನಲ್ಲಿ ಹಾಕಿಡ್ತಾರೆ, ಪೆನ್ನಿನ ಶಾಯಿ ಅದು ತಾಗಿದ್ರೆ ಅಳಿಸಿ ಹೋಗುತ್ತೆ, ಚೀಟಿ ಇಲ್ಲದ ಕಣಜ ಎಷ್ಟೇ ಹೊಸದಾಗಿದ್ರೂ ಹೆಸರಿಡೋರ ಕೆಲಸಕ್ಕೆ ಬರಲ್ಲ.